ಒಳಗೆ ಬೇಡ ಎಂದ ಮಂತ್ರಿ ಹೊರಗೆ ಬಂದು ಸರಿ ಎಂದರೆ ಅದು ಸುಳ್ಳಲ್ವಾ?

ಸಂಜೆಮಲ್ಲಿಗೆ:
ಅಕ್ಕನ ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆ. ನಿನ್ನೆ ರಾತ್ರಿ ಅವಳ ಜೊತೆ ಕೂತು ಸಂಸದೀಯ ಸರ್ಕಾರದ ಪಾಠ ಓದುತ್ತಿದ್ದೆ. ಸಾಮೂಹಿಕ ಹೊಣೆಗಾರಿಕೆ ಎಂಬ ಮಾತು ಬಂತು. ಸಂಪುಟ ಸಭೆಯಲ್ಲಿ ಮಂತ್ರಿಗಳು ಎಷ್ಟು ಬೇಕಾದರೂ ವಾದ ಮಾಡಬಹುದು, ಒಮ್ಮೆ ತೀರ್ಮಾನವಾದ ಮೇಲೆ ಮಾತ್ರ ಎಲ್ಲರೂ ಅದನ್ನೇ ಸಮರ್ಥಿಸಬೇಕು, ಆಗದಿದ್ದರೆ ರಾಜೀನಾಮೆ ಕೊಡಬೇಕು ಅಂತ ವಿವರಿಸಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು: "ಚಿಕ್ಕಮ್ಮಾ, ಒಳಗೆ ಬೇಡ ಅಂದವರು ಹೊರಗೆ ಬಂದು ತುಂಬಾ ಒಳ್ಳೇದು ಅಂದರೆ ಅದು ಸುಳ್ಳಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಜೊತೆಗೆ ನನ್ನದೇ ಒಂದು ಪ್ರಶ್ನೆ ಇದೆ. ಮಂತ್ರಿಗಳನ್ನು ಆರಿಸುವುದೂ ಪ್ರಧಾನಿ, ತೆಗೆಯುವುದೂ ಪ್ರಧಾನಿ. ಹಾಗಿರುವಾಗ ಎಲ್ಲರೂ ಸುತ್ತ ಕೂತು ಚರ್ಚೆ ಮಾಡುವುದಕ್ಕೆ ಏನರ್ಥ? ಗೊತ್ತಿರುವವರು ಹೇಳಿ. ನಾಳೆ ಸಂಜೆ ಅವಳಿಗೆ ಉತ್ತರ ಕೊಡಬೇಕು.

ನಿವೃತ್ತ ಮೇಷ್ಟ್ರು:
ತಾಯಿ, ಮಗು ಸರಿಯಾದ ಜಾಗಕ್ಕೇ ಕೈ ಹಾಕಿದೆ. ಎಷ್ಟೋ ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ್ದೇನೆ, ಈ ಪ್ರಶ್ನೆ ಕೇಳಿದ ಮಕ್ಕಳು ಬಹಳ ಕಡಿಮೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಮಂತ್ರಿ ಪರಿಷತ್ತು ಬೇರೆ, ಸಂಪುಟ ಬೇರೆ. ಪರಿಷತ್ತಿನಲ್ಲಿ ಸಂಪುಟ ದರ್ಜೆಯವರು, ರಾಜ್ಯ ಸಚಿವರು, ಉಪ ಸಚಿವರು ಎಲ್ಲರೂ ಸೇರುತ್ತಾರೆ. ಸಂಪುಟ ಅಂದರೆ ಅದರೊಳಗಿನ ಮುಖ್ಯರ ಗುಂಪು. ಸಭೆ ಸೇರಿ ತೀರ್ಮಾನ ಮಾಡುವವರು ಇವರೇ. ಉಳಿದವರು ತಮ್ಮ ವಿಷಯ ಬಂದಾಗ ಕರೆದರೆ ಬರುತ್ತಾರೆ. ಆದರೆ ತೀರ್ಮಾನದ ಹೊಣೆ ಸಭೆಗೆ ಬಾರದವರ ಮೇಲೂ ಅಷ್ಟೇ ಇರುತ್ತದೆ.

ಈಗ ಒಂದೇ ದನಿ ಯಾಕೆ ಅನ್ನುವುದು. ಜನ ಆರಿಸುವುದು ಸದನವನ್ನು. ಆ ಸದನದ ವಿಶ್ವಾಸ ಇರುವ ತನಕ ಮಾತ್ರ ಸರ್ಕಾರಕ್ಕೆ ಉಸಿರು. ಸದನ ಪ್ರಶ್ನೆ ಕೇಳಿದಾಗ ಹಣಕಾಸು ಮಂತ್ರಿ "ನನಗೆ ಇಷ್ಟವಿರಲಿಲ್ಲ, ಕೃಷಿ ಮಂತ್ರಿ ಹಟ ಹಿಡಿದರು" ಎಂದೂ, ಕೃಷಿ ಮಂತ್ರಿ "ದುಡ್ಡು ಕೊಡದೆ ಕೆಡಿಸಿದ್ದು ಅವರು" ಎಂದೂ ಹೇಳಿ ಜಾರಿಕೊಂಡರೆ ಸದನ ಯಾರ ಕೈ ಹಿಡಿಯಬೇಕು? ಎಲ್ಲರೂ ಒಬ್ಬರಂತೆ ನಿಂತರೆ ತಾನೇ ಎಲ್ಲರನ್ನೂ ಒಟ್ಟಿಗೆ ಮನೆಗೆ ಕಳಿಸಲು ಆಗುವುದು. 1979ರ ಮಾರ್ಚ್ 28ರಂದು ಬ್ರಿಟನ್ನಿನ ಕ್ಯಾಲಹನ್ ಸರ್ಕಾರ 310ಕ್ಕೆ 311 ಮತಗಳಿಂದ ಬಿತ್ತು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270ರಿಂದ ಬಿತ್ತು. ಎರಡೂ ಕಡೆ ಒಂದೇ ಒಂದು ಮತ. ಒಳ್ಳೆ ಕೆಲಸ ಮಾಡಿದ ಮಂತ್ರಿ ಯಾರು, ಮಾಡದವರು ಯಾರು ಎಂದು ಸದನ ಬೇರೆ ಮಾಡಲಿಲ್ಲ. ಸರ್ಕಾರ ಇಡಿಯಾಗಿ ಬಿತ್ತು.

ಹಾಗಾಗಿ ಮಗುವಿಗೆ ಹೀಗೆ ಹೇಳಿ: ಮಂತ್ರಿ ಹೊರಗೆ ಮಾತಾಡುವಾಗ "ನನ್ನ ಮನಸ್ಸಿನಲ್ಲಿ ಇದೇ ಇತ್ತು" ಎಂದು ಹೇಳುತ್ತಿಲ್ಲ. "ಇದು ನಮ್ಮ ತೀರ್ಮಾನ, ಇದಕ್ಕೆ ನಾನೂ ಜವಾಬ್ದಾರ" ಎಂದು ಹೇಳುತ್ತಿದ್ದಾರೆ.

ನೇರಮಾತು:
ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ನಡೆಯುವುದು ಹಾಗಲ್ಲ. "ನಮ್ಮ ತೀರ್ಮಾನ" ಅನ್ನಬೇಕಾದರೆ ಮೊದಲು ಆ "ನಾವು" ಕೂತು ತೀರ್ಮಾನ ಮಾಡಿರಬೇಕು, ಅಲ್ವಾ?

1975ರ ಜೂನ್ 25ರ ರಾತ್ರಿ ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿ ಸಹಿ ಹಾಕಿದ್ದು ಪ್ರಧಾನಿಯ ಪತ್ರ ನೋಡಿ. ಸಂಪುಟ ಸೇರಿದ್ದು ಮರುದಿನ ಬೆಳಗಿನ 6 ಗಂಟೆಗೆ. ಅಷ್ಟು ಹೊತ್ತಿಗೆ ದೊಡ್ಡ ದೊಡ್ಡ ನಾಯಕರೆಲ್ಲ ಬಂಧನದಲ್ಲಿದ್ದರು. ದೇಶದ ಹಣೆಬರಹ ಬದಲಾಯಿಸುವ ತೀರ್ಮಾನ ಆಗಿಹೋದ ಮೇಲೆ ಮಂತ್ರಿಗಳಿಗೆ ತಿಳಿಸಿದರು, ಅವರು ಹೂಂ ಅಂದರು. ಸಂಪುಟ ಅಂದರೆ ಮುದ್ರೆ ಒತ್ತುವ ಮೇಜು ಅಷ್ಟೇ. ಅಷ್ಟಕ್ಕೂ ನಮ್ಮ ಸಂವಿಧಾನದಲ್ಲಿ ಸಂಪುಟ ಎಂಬ ಪದವೇ ಇಲ್ಲ, ಮಂತ್ರಿ ಪರಿಷತ್ತು ಅಂತ ಮಾತ್ರ ಇದೆ. ಇಲ್ಲದ ವಸ್ತುವಿಗೆ ಇಷ್ಟು ಮರ್ಯಾದೆ ಯಾಕೆ?

ಕಾನೂನು ವಿದ್ಯಾರ್ಥಿನಿ:
ಅಣ್ಣಾ, ಒಂದು ತಿದ್ದುಪಡಿ. ಸಂಪುಟ ಎಂಬ ಪದ ಸಂವಿಧಾನದಲ್ಲಿ ಇದೆ. 352ನೇ ವಿಧಿಯಲ್ಲಿ ಇದೆ. ಮತ್ತು ಅದು ಅಲ್ಲಿಗೆ ಬಂದದ್ದು ನೀವು ಹೇಳಿದ ಅದೇ ರಾತ್ರಿಯಿಂದ.

1950ರಲ್ಲಿ ಆ ಪದ ಇರಲಿಲ್ಲ ಅನ್ನುವುದು ನಿಜ. 74 ಮತ್ತು 75ನೇ ವಿಧಿಗಳು ಮಂತ್ರಿ ಪರಿಷತ್ತಿನ ಬಗ್ಗೆ ಮಾತ್ರ ಮಾತಾಡುತ್ತವೆ. ಅದು ಲೋಕಸಭೆಗೆ ಒಟ್ಟಾಗಿ ಹೊಣೆ ಎಂದು 75ರಲ್ಲೇ ಇದೆ. 1975ರಲ್ಲಿ ಆಗಿದ್ದು ಏನೆಂದರೆ, ಸರ್ಕಾರದ ಕಾರ್ಯಕಲಾಪ ನಿಯಮಗಳಲ್ಲಿ 12ನೇ ನಿಯಮ ಅಂತ ಒಂದಿದೆ. ತುರ್ತು ಬಂದರೆ ಪ್ರಧಾನಿ ಮಾಮೂಲಿ ಕ್ರಮ ಬಿಟ್ಟು ಮುಂದುವರಿಯಬಹುದು, ಸಂಪುಟ ಆಮೇಲೆ ಒಪ್ಪಿಗೆ ಕೊಡಬಹುದು. ಆ ಕಿಂಡಿಯಲ್ಲೇ ತುರ್ತು ಪರಿಸ್ಥಿತಿ ನುಸುಳಿತು. ಅದಕ್ಕೇ 1978ರ 44ನೇ ತಿದ್ದುಪಡಿಯಲ್ಲಿ 352ನೇ ವಿಧಿಗೆ ಒಂದು ಷರತ್ತು ಸೇರಿಸಿದರು. ಕೇಂದ್ರ ಸಂಪುಟದ ತೀರ್ಮಾನ ಬರಹದಲ್ಲಿ ತನಗೆ ತಲುಪದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಅಲ್ಲೇ ಸಂಪುಟ ಅಂದರೆ ಪ್ರಧಾನಿ ಮತ್ತು ಸಂಪುಟ ದರ್ಜೆಯ ಮಂತ್ರಿಗಳ ಮಂಡಲಿ ಅಂತ ವಿವರಣೆಯನ್ನೂ ಕೊಟ್ಟರು.

ಅಂದರೆ ಸಂಪುಟವನ್ನು ಬಿಟ್ಟು ನಡೆದಾಗ ಏನಾಗುತ್ತದೆ ಅಂತ ಒಮ್ಮೆ ಕಂಡ ಮೇಲೆ ಅದನ್ನು ಬರೆದಿಟ್ಟರು. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತ್ತು. ಮುದ್ರೆ ಒತ್ತುವ ಮೇಜು ಅಷ್ಟೇ ಆಗಿದ್ದರೆ ಅದಕ್ಕಾಗಿ ಸಂವಿಧಾನ ತಿದ್ದುತ್ತಿದ್ದರಾ?

ನೇರಮಾತು:
ತಂಗಿ, 352ರ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ನನ್ನ ಮೂಲ ಮಾತು ಹಾಗೇ ಇದೆ. ಬರಹದಲ್ಲಿ ಬೇಕು ಅಂದರೆ ಬರಹದಲ್ಲಿ ಕೊಡುತ್ತಾರೆ. ಸಹಿ ಹಾಕದವನನ್ನು ಪ್ರಧಾನಿ ತೆಗೆದುಹಾಕಿದರೆ ಮುಗಿಯಿತು.

ದೂರದೇಶ:
ನೇರಮಾತು ಅವರು ಹೇಳಿದ್ದು ಅಕ್ಷರಶಃ ನಡೆದಿದೆ, ಜಪಾನಿನಲ್ಲಿ. ಅಲ್ಲಿ ಸಂಪುಟದ ತೀರ್ಮಾನಕ್ಕೆ ಎಲ್ಲ ಮಂತ್ರಿಗಳೂ ಒಪ್ಪಬೇಕು, ಎಲ್ಲರ ಸಹಿ ಬೇಕು. 2005ರ ಆಗಸ್ಟ್ 8ರಂದು ಅಂಚೆ ಖಾಸಗೀಕರಣದ ಮಸೂದೆ ಮೇಲ್ಮನೆಯಲ್ಲಿ ಬಿದ್ದುಹೋಯಿತು. ಅದೇ ದಿನ ಪ್ರಧಾನಿ ಕೊಯಿಜುಮಿ ಕೆಳಮನೆ ವಿಸರ್ಜನೆ ಮಾಡಲು ಸಂಪುಟ ಕರೆದರು. ಕೃಷಿ ಮಂತ್ರಿ ಶಿಮಾಮುರಾ ಸಹಿ ಹಾಕುವುದಿಲ್ಲ ಅಂದುಬಿಟ್ಟರು. ಕೊಯಿಜುಮಿ ಅವರನ್ನು ಅಲ್ಲೇ ವಜಾ ಮಾಡಿ, ಕೃಷಿ ಖಾತೆಯನ್ನು ತಾವೇ ವಹಿಸಿಕೊಂಡು, ಆ ಸಹಿಯನ್ನೂ ತಾವೇ ಹಾಕಿ ಸದನ ವಿಸರ್ಜನೆ ಮಾಡಿದರು. ಮುಂದಿನ ತಿಂಗಳ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದರು.

ಆದರೆ ಇದರಲ್ಲಿ ನನಗೆ ಇನ್ನೊಂದು ಮುಖವೂ ಕಾಣುತ್ತದೆ. ಒಬ್ಬ ಮಂತ್ರಿ ಆಗಲ್ಲ ಅಂದಾಗ ಪ್ರಧಾನಿ ಸುಮ್ನೆ ದಾಟಿಕೊಂಡು ಹೋಗಲು ಆಗಲಿಲ್ಲ. ಎಲ್ಲರ ಕಣ್ಣೆದುರು ಅವರನ್ನು ತೆಗೆಯಬೇಕಾಯಿತು. ಯಾರು ಬೇಡ ಅಂದರು ಅಂತ ಇಡೀ ದೇಶಕ್ಕೆ ಅದೇ ದಿನ ಗೊತ್ತಾಯಿತು.

ಎಲ್ಲ ಕಡೆ ಒಂದೇ ಅಚ್ಚು ಇರುವುದಿಲ್ಲ ಅನ್ನುವುದನ್ನೂ ಮಗುವಿಗೆ ಹೇಳಿ. ಜರ್ಮನಿಯಲ್ಲಿ ಸಂವಿಧಾನದ 65ನೇ ವಿಧಿ ಕೆಲಸ ಹಂಚಿದೆ. ನೀತಿಯ ದಿಕ್ಕು ಹೇಳುವುದು ಚಾನ್ಸಲರ್ (ಅಲ್ಲಿನ ಪ್ರಧಾನಿ), ಆ ದಿಕ್ಕಿನೊಳಗೆ ಇಲಾಖೆ ನಡೆಸುವುದು ಮಂತ್ರಿಯ ಸ್ವಂತ ಹೊಣೆ, ಇಬ್ಬರು ಮಂತ್ರಿಗಳಿಗೆ ಜಗಳ ಬಿದ್ದರೆ ತೀರ್ಮಾನ ಇಡೀ ಸಂಪುಟದ್ದು. ನೆದರ್ಲೆಂಡ್ಸಿನಲ್ಲಿ ಮಂತ್ರಿಯಾದವರು ಸಂಸತ್ ಸದಸ್ಯರಾಗಿ ಇರುವಂತೆಯೇ ಇಲ್ಲ, ಸ್ಥಾನ ಬಿಡಬೇಕು. ನಮ್ಮಲ್ಲಿ ತದ್ವಿರುದ್ಧ, ಸದಸ್ಯರಲ್ಲದವರು ಮಂತ್ರಿಯಾದರೆ 6 ತಿಂಗಳೊಳಗೆ ಯಾವುದಾದರೂ ಸದನಕ್ಕೆ ಬರಬೇಕು.

ನಿವೃತ್ತ ಮೇಷ್ಟ್ರು:
ಪ್ರಧಾನಿ ಮಂತ್ರಿಯನ್ನು ತೆಗೆಯಬಹುದು, ಸರಿ. ಮಂತ್ರಿಗಳು ಪ್ರಧಾನಿಯನ್ನು ತೆಗೆದದ್ದನ್ನೂ ಹೇಳಬೇಕಲ್ಲ.

ಬ್ರಿಟನ್ನಿನಲ್ಲಿ 1986ರ ಜನವರಿಯಲ್ಲಿ ವೆಸ್ಟ್‌ಲ್ಯಾಂಡ್ ಎಂಬ ಹೆಲಿಕಾಪ್ಟರ್ ಕಂಪನಿಯ ವಿಷಯಕ್ಕೆ ಸಂಪುಟದಲ್ಲಿ ಜಗಳ ಬಂತು. ರಕ್ಷಣಾ ಮಂತ್ರಿ ಹೆಸೆಲ್ಟೈನ್, ಇದನ್ನು ಸಂಪುಟದಲ್ಲಿ ಸರಿಯಾಗಿ ಚರ್ಚೆಯೇ ಮಾಡಿಸುತ್ತಿಲ್ಲ ಎಂದು ಹೇಳಿ ನಡೆಯುತ್ತಿದ್ದ ಸಭೆಯಿಂದಲೇ ಎದ್ದು ಹೊರಟರು. ಕಾಗದ ಎತ್ತಿಕೊಂಡು ಹೊರಗೆ ಬಂದು ಬೀದಿಯಲ್ಲಿದ್ದ ಪತ್ರಕರ್ತರಿಗೆ ರಾಜೀನಾಮೆಯ ಸುದ್ದಿ ಹೇಳಿದರು. ಅಂದು ಪ್ರಧಾನಿ ಥ್ಯಾಚರ್ ಉಳಿದರು. ನಾಲ್ಕು ವರ್ಷ ಹತ್ತು ತಿಂಗಳ ನಂತರ, 1990ರ ನವೆಂಬರಿನಲ್ಲಿ, ಪಕ್ಷದ ನಾಯಕತ್ವಕ್ಕೆ ಅವರ ಎದುರು ನಿಂತದ್ದು ಇದೇ ಹೆಸೆಲ್ಟೈನ್. ಮೊದಲ ಸುತ್ತಿನಲ್ಲಿ ಥ್ಯಾಚರ್‌ಗೆ 204, ಅವರಿಗೆ 152. ಬರೀ ಹೆಚ್ಚು ಮತ ಸಾಲದು, ಇಷ್ಟು ಅಂತರ ಇರಬೇಕು ಎಂಬ ನಿಯಮ ಇತ್ತು, ಹಾಗಾಗಿ ಗೆಲುವು ಅಲ್ಲೇ ಮುಗಿಯಲು ಇನ್ನು 4 ಮತ ಬೇಕಿತ್ತು. ಮರುದಿನ ಸಂಜೆ ಥ್ಯಾಚರ್ ತಮ್ಮ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು ಕೇಳಿದರು. ಬಂದವರಲ್ಲಿ ಹೆಚ್ಚಿನವರು, ನೀವು ಗೆಲ್ಲುವುದಿಲ್ಲ ಅಂದರು. ನವೆಂಬರ್ 22ರ ಬೆಳಿಗ್ಗೆ ಸಂಪುಟದಲ್ಲೇ ಅವರು ತಮ್ಮ ತೀರ್ಮಾನ ಓದಿದರು. ಹನ್ನೊಂದೂವರೆ ವರ್ಷ ಆಳಿದವರು, ಮೂರು ಚುನಾವಣೆ ಗೆದ್ದವರು.

2022ರ ಜುಲೈಯಲ್ಲೂ ಅಷ್ಟೇ. 5ರ ಸಂಜೆ ಹಣಕಾಸು ಮಂತ್ರಿ ಸುನಕ್ ಮತ್ತು ಆರೋಗ್ಯ ಮಂತ್ರಿ ಜಾವಿದ್ ಕೆಲವೇ ನಿಮಿಷಗಳ ಅಂತರದಲ್ಲಿ ಬಿಟ್ಟರು. 7ನೇ ತಾರೀಖಿನ ಹೊತ್ತಿಗೆ ಮಂತ್ರಿಗಳು, ಅವರ ಸಹಾಯಕರು ಸೇರಿ 50ಕ್ಕೂ ಜಾಸ್ತಿ ಜನ ಹೋದರು. ಕುರ್ಚಿ ತುಂಬಲು ಜನ ಸಿಗದೆ ಪ್ರಧಾನಿ ಜಾನ್ಸನ್ ಇಳಿದರು. ಸದನದಲ್ಲಿ ಅವರು 2019ರಲ್ಲಿ ಗೆದ್ದದ್ದು 80 ಸ್ಥಾನಗಳ ಬಹುಮತ. ಆ ಬಹುಮತ ಕಾಯಲಿಲ್ಲ.

ಸಂಜೆಮಲ್ಲಿಗೆ ಅವರ ಎರಡನೇ ಪ್ರಶ್ನೆಗೆ ಇದೇ ಉತ್ತರ. ಪ್ರಧಾನಿ ಮಂತ್ರಿಗಳನ್ನು ಆರಿಸುತ್ತಾರೆ ನಿಜ. ಆದರೆ ಅವರಿಲ್ಲದೆ ಪ್ರಧಾನಿಯಾಗಿ ಉಳಿಯಲು ಆಗುವುದಿಲ್ಲ.

ಹಳೇ ಕಡತ:
ಎಲ್ಲರೂ ದೊಡ್ಡ ದೊಡ್ಡ ದಿನಗಳ ಬಗ್ಗೆ ಹೇಳುತ್ತಿದ್ದೀರಿ. ಸಾಮಾನ್ಯ ದಿನದಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ನಾನು ಬಹಳ ವರ್ಷ ಒಂದು ಇಲಾಖೆಯಲ್ಲಿ ಸಂಪುಟ ಟಿಪ್ಪಣಿ ತಯಾರು ಮಾಡಿದವನು. ಯಾವ ಇಲಾಖೆ ಅನ್ನುವುದು ಬೇಡ.

ಮಂತ್ರಿಗೆ ಒಂದು ಯೋಜನೆ ಬೇಕು ಅನ್ನಿಸಿದರೆ ಅದು ಮರುದಿನ ಸಂಪುಟಕ್ಕೆ ಹೋಗುವುದಿಲ್ಲ. ಮೊದಲು ಕರಡು ಟಿಪ್ಪಣಿ ಆಗಬೇಕು. ವಿಷಯ ಏನು, ಹಿನ್ನೆಲೆ ಏನು, ಎಷ್ಟು ದುಡ್ಡು, ಯಾವ ಕಾನೂನಿನಡಿ. ಆಮೇಲೆ ಅದು ಸಂಬಂಧಪಟ್ಟ ಎಲ್ಲ ಇಲಾಖೆಗಳಿಗೆ ಅಭಿಪ್ರಾಯಕ್ಕೆ ಹೋಗುತ್ತದೆ. ಹಣಕಾಸು ಮತ್ತು ಕಾನೂನು ಇಲಾಖೆ ಅಂತೂ ತಪ್ಪುವುದಿಲ್ಲ. ಅಲ್ಲಿಂದ ಕಡತ ವಾಪಸ್ ಬರುವ ದಿನ ನಮ್ಮ ಶಾಖೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೊದಲ ಪುಟ ತಿರುವಿದಾಗ "ಸಹಮತಿ ಇದೆ" ಅಂತ ಇದ್ದರೆ ಬದುಕಿದೆವು. "ಈ ಕೆಳಕಂಡ ಅಂಶಗಳಿಗೆ ಸ್ಪಷ್ಟೀಕರಣ ನೀಡಿ" ಅಂತ ಇದ್ದರೆ ಇನ್ನೊಂದು ತಿಂಗಳು.

ಒಂದು ಮಾತು ಒತ್ತಿ ಹೇಳುತ್ತೇನೆ. ಬೇರೆ ಇಲಾಖೆ ವಿರೋಧ ಬರೆದರೆ ನಾವು ಅದನ್ನು ಅಡಗಿಸುವಂತಿರಲಿಲ್ಲ. ಅವರ ಅಭಿಪ್ರಾಯವನ್ನು ಇದ್ದದ್ದು ಇದ್ದ ಹಾಗೆ ಟಿಪ್ಪಣಿಯಲ್ಲಿ ಇಡಬೇಕು, ಪಕ್ಕದಲ್ಲಿ ನಮ್ಮ ಉತ್ತರ ಬರೆಯಬೇಕು. ಮಂತ್ರಿಗಳ ಕೈಗೆ ಎರಡೂ ಹೋಗುತ್ತದೆ. ಹೊರಗಿನವರಿಗೆ ಕಾಣದ ಜಗಳವೆಲ್ಲ ಆ ಪುಟಗಳಲ್ಲಿ ಇರುತ್ತದೆ. ಸಭೆಯಲ್ಲಿ ಒಂದು ವಿಷಯ ಐದು ನಿಮಿಷದಲ್ಲಿ ಮುಗಿಯಿತು ಅಂದರೆ ಅದಕ್ಕೆ ಮೊದಲು ಐದಾರು ತಿಂಗಳು ಕುಸ್ತಿ ನಡೆದಿರುತ್ತದೆ. ಐದು ನಿಮಿಷ ನೋಡಿ ಮುದ್ರೆ ಒತ್ತುವ ಮೇಜು ಅನ್ನುವುದು ತಪ್ಪು.

ಆದರೆ ನೇರಮಾತು ಅವರಿಗೂ ಒಂದು ಕಡೆ ನ್ಯಾಯ ಇದೆ. ಹೆಚ್ಚುವರಿ ವಿಷಯ ಅಂತ ಒಂದು ದಾರಿ ಇದೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯವನ್ನು ಸಭೆಯ ದಿನವೇ ತರುವುದು. ಟಿಪ್ಪಣಿ ಮೇಜಿನ ಮೇಲೇ ಕೈಗೆ ಸಿಗುತ್ತದೆ. ಹತ್ತಿಪ್ಪತ್ತು ಪುಟ ಇರುವುದನ್ನು ಅಲ್ಲೇ ಯಾರು ಓದುತ್ತಾರೆ? ಪ್ರವಾಹ ಬಂದಾಗ, ಬರ ಬಂದಾಗ ಈ ದಾರಿ ಬೇಕೇ ಬೇಕು. ಆದರೆ ಪ್ರವಾಹ ಇಲ್ಲದ ದಿನವೂ ಅದೇ ಬಾಗಿಲಲ್ಲಿ ನುಗ್ಗಿದ ವಿಷಯಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥ ದಿನ ಮನೆಗೆ ಹೋದರೂ ಸಮಾಧಾನ ಇರುತ್ತಿರಲಿಲ್ಲ.

ನೇರಮಾತು:
ಹಳೇ ಕಡತ ಸರ್, ಇದನ್ನು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ. ನನ್ನ ಸಿಟ್ಟು ಈಗ ಬೇರೆ ಕಡೆ ತಿರುಗಿತು. ಆ ಪುಟಗಳಲ್ಲಿ ಅಷ್ಟೆಲ್ಲ ವಾದ ಇರುವುದಾದರೆ ಅದನ್ನು ನಮಗೆ ಯಾಕೆ ತೋರಿಸುವುದಿಲ್ಲ? ನಾನು ಮತ ಹಾಕುವವನು. ಹಣಕಾಸು ಇಲಾಖೆ ಬೇಡ ಅಂದಿತ್ತು, ಆದರೂ ಮಾಡಿದರು ಅನ್ನುವುದು ನನಗೆ ಗೊತ್ತಾಗಬೇಡವೇ? ಗುಟ್ಟು ಅನ್ನುವುದು ಸೋತವರ ಮರ್ಯಾದೆ ಉಳಿಸಲು ಇರುವ ಪರದೆ ಅಂತ ನನಗೆ ಅನ್ನಿಸುತ್ತದೆ.

ಹಳೇ ಕಡತ:
ಪರದೆ ತೆಗೆದರೆ ಮಂತ್ರಿಗಳು ಮಾತಾಡುವುದನ್ನೇ ಬಿಡುತ್ತಾರೆ. ತನ್ನ ಜಿಲ್ಲೆಗೆ ಬರುವ ಯೋಜನೆಯೇ ಆದರೂ ಇದು ದಂಡ ಅಂತ ಹೇಳುವ ಧೈರ್ಯ ಬಾಗಿಲು ಮುಚ್ಚಿದಾಗ ಮಾತ್ರ ಬರುತ್ತದೆ. ನಡಾವಳಿಯಲ್ಲಿ ಏನು ತೀರ್ಮಾನ ಆಯಿತು ಅಂತ ಇರುತ್ತದೆ, ಯಾರು ಏನು ಅಂದರು ಅಂತ ಇರುವುದಿಲ್ಲ. ಅದು ಬೇಕೆಂದೇ ಹಾಗಿದೆ.

ನಿವೃತ್ತ ಮೇಷ್ಟ್ರು:
ಇಲ್ಲಿ ಒಂದು ಸಣ್ಣ ಸೇರ್ಪಡೆ. ಬ್ರಿಟನ್ನಿನಲ್ಲಿ 1916ರ ಡಿಸೆಂಬರ್ ತನಕ ನಡಾವಳಿಯೇ ಇರಲಿಲ್ಲ. ಪ್ರಧಾನಿ ರಾಜನಿಗೆ ಬರೆಯುತ್ತಿದ್ದ ಪತ್ರ ಬಿಟ್ಟರೆ ಸಭೆಯಲ್ಲಿ ಏನಾಯಿತು ಅನ್ನುವುದಕ್ಕೆ ದಾಖಲೆ ಇಲ್ಲ. ಮಹಾಯುದ್ಧದ ನಡುವೆ ಲಾಯ್ಡ್ ಜಾರ್ಜ್ ಪ್ರಧಾನಿಯಾಗಿ ಬಂದು, ಹ್ಯಾಂಕಿ ಎಂಬವರನ್ನು ಕಾರ್ಯದರ್ಶಿಯಾಗಿ ಕೂರಿಸಿ ಬರೆಸಲು ಶುರುಮಾಡಿದರು. ಸಂಪುಟ ಅಂದರೆ ಶಿಸ್ತಿನ ಯಂತ್ರ ಅಂತ ಈಗ ನಾವು ಅಂದುಕೊಳ್ಳುವುದು ನೂರು ವರ್ಷದ ಈಚೆಯದು.

ದೂರದೇಶ:
ನೇರಮಾತು ಅವರ ಕಡೆ ನಾನು ಸ್ವಲ್ಪ ವಾಲುತ್ತೇನೆ. ನ್ಯೂಜಿಲೆಂಡಿನಲ್ಲಿ 2019ರಿಂದ ಸಂಪುಟದ ಕಾಗದಗಳನ್ನು ಅಂತಿಮ ತೀರ್ಮಾನವಾದ 30 ಕೆಲಸದ ದಿನಗಳೊಳಗೆ ಸರ್ಕಾರವೇ ಹೊರಗೆ ಹಾಕಬೇಕು, ತಡೆಹಿಡಿಯಲು ತಕ್ಕ ಕಾರಣ ಇದ್ದರೆ ಮಾತ್ರ ಬಿಡಬಹುದು. ಇಲಾಖೆಗಳು ಕೊಟ್ಟ ಸಲಹೆಯೂ ಎಷ್ಟೋ ಸಲ ಅದರಲ್ಲಿ ಕಾಣುತ್ತದೆ. ಆದರೆ ಮಂತ್ರಿಗಳು ಬಾಯಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಕಾಗದ ಜನರಿಗೆ, ಮಾತು ಮಂತ್ರಿಗಳಿಗೆ. ಈ ಹಂಚಿಕೆ ನನಗೆ ಸರಿ ಅನ್ನಿಸುತ್ತದೆ.

ಹಳೇ ಕಡತ:
ಇದು ನನಗೆ ಹೊಸದು. 30 ದಿನಕ್ಕೆ ಹೊರಗೆ ಬರುತ್ತದೆ ಅಂತ ಗೊತ್ತಿದ್ದರೆ ನಾವು ಟಿಪ್ಪಣಿಯನ್ನು ಇನ್ನೂ ಹುಷಾರಾಗಿ ಬರೆಯುತ್ತಿದ್ದೆವು. ಹುಷಾರಾಗಿ ಅಂದರೆ ಚೆನ್ನಾಗಿಯೋ, ಅಥವಾ ಏನೂ ಹೇಳದ ಹಾಗೆಯೋ, ಅದನ್ನು ಯೋಚನೆ ಮಾಡಬೇಕು.

ಕಾನೂನು ವಿದ್ಯಾರ್ಥಿನಿ:
ಮಗುವಿನ ಪ್ರಶ್ನೆಗೆ ವಾಪಸ್ ಬರೋಣ. ಸುಳ್ಳಾ ಅಲ್ವಾ? ನನ್ನ ಪ್ರಕಾರ ಎಲ್ಲಿ ಸುಳ್ಳಾಗುತ್ತದೆ, ಎಲ್ಲಿ ಆಗುವುದಿಲ್ಲ ಅನ್ನುವುದಕ್ಕೆ ರಾಜೀನಾಮೆಯೇ ಗೆರೆ.

ಬ್ರಿಟನ್ನಿನ ರಾಬಿನ್ ಕುಕ್ ಉದಾಹರಣೆ ನೋಡಿ. 2003ರ ಮಾರ್ಚ್ 17ರಂದು ಇರಾಕ್ ಯುದ್ಧದ ತೀರ್ಮಾನಕ್ಕೆ ತಾನು ಸಾಮೂಹಿಕ ಹೊಣೆ ಹೊರಲಾರೆ ಎಂದು ಸಂಪುಟ ಬಿಟ್ಟರು. ಅದೇ ರಾತ್ರಿ ಸದನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಯಾಕೆ ಅಂತ ವಿವರಿಸಿದರು. ಯಾರನ್ನೂ ಬೈಯಲಿಲ್ಲ. ಭಾಷಣ ಮುಗಿದಾಗ ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸದನದಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೇ ಇಲ್ಲ.

ಬಿಟ್ಟುಹೋಗುವ ಬಾಗಿಲು ತೆರೆದೇ ಇದೆ. ಇದ್ದೂ ಉಳಿದವರು ತಾನೂ ಹೊಣೆ ಅಂತ ಒಪ್ಪಿ ಉಳಿದಿದ್ದಾರೆ. ಸಣ್ಣ ವಿಷಯದಲ್ಲಿ ಇದು ಸಹಜ. ಎಲ್ಲದಕ್ಕೂ ರಾಜೀನಾಮೆ ಕೊಟ್ಟರೆ ಯಾವ ಸರ್ಕಾರವೂ ಒಂದು ವಾರ ನಡೆಯುವುದಿಲ್ಲ. ಮನಸ್ಸಾಕ್ಷಿ ಒಪ್ಪದ ದೊಡ್ಡ ವಿಷಯದಲ್ಲೂ ಕುರ್ಚಿಗಾಗಿ ಉಳಿದು ಹೊಗಳಿದರೆ ಅದನ್ನು ಸುಳ್ಳು ಅನ್ನಲು ನನಗೆ ಅಡ್ಡಿಯಿಲ್ಲ.

ನಿವೃತ್ತ ಮೇಷ್ಟ್ರು:
ಹಾಗಾದರೆ ಅಂಬೇಡ್ಕರ್ ಅವರನ್ನು ಹೇಳಲೇಬೇಕು. ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದ ನೋವಿನಲ್ಲಿ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಸದನದಲ್ಲಿ ಕಾರಣ ಹೇಳಲು ನಿಂತಾಗ, ಹೇಳಿಕೆಯ ಪ್ರತಿ ಮೊದಲೇ ಕೊಡಬೇಕು ಎಂಬ ತಕರಾರು ಬಂತು. ಅವರು ಒಪ್ಪದೆ ಹೊರನಡೆದರು. ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಅದರಲ್ಲಿ ಮಸೂದೆಯ ಮಾತಷ್ಟೇ ಇರಲಿಲ್ಲ, ಸಂಪುಟ ನಡೆಯುತ್ತಿದ್ದ ರೀತಿಯ ಬಗ್ಗೆ, ಮುಖ್ಯ ವಿಷಯಗಳು ಸಮಿತಿಗಳಲ್ಲೇ ಮುಗಿದುಹೋಗುವ ಬಗ್ಗೆ ಬೇಸರ ಇತ್ತು. ನೇರಮಾತು ಅವರು ಇಂದು ಹೇಳುತ್ತಿರುವ ದೂರು ಅಂದೇ ಒಬ್ಬ ಮಂತ್ರಿಯ ಬಾಯಲ್ಲಿ ಬಂದಿತ್ತು.

ಒಂದು ಎಚ್ಚರಿಕೆ. ಪರೀಕ್ಷೆಯಲ್ಲಿ ಮಕ್ಕಳು ಶಾಸ್ತ್ರಿಯವರ ರಾಜೀನಾಮೆಯನ್ನು ಇದರ ಜೊತೆ ಬೆರೆಸುತ್ತಾರೆ. 1956ರ ಅರಿಯಲೂರು ರೈಲು ಅಪಘಾತದ ನಂತರ ಅವರು ಬಿಟ್ಟದ್ದು ವೈಯಕ್ತಿಕ ಹೊಣೆ. ತನ್ನ ಇಲಾಖೆಯಲ್ಲಿ ಆದದ್ದಕ್ಕೆ ತಾನು ಹೊಣೆ ಅನ್ನುವುದು ಒಂದು, ಎಲ್ಲರ ತೀರ್ಮಾನಕ್ಕೆ ತಾನೂ ಹೊಣೆ ಅನ್ನುವುದು ಇನ್ನೊಂದು.

ನೇರಮಾತು:
ಅಂಬೇಡ್ಕರ್ ಅವರ ಹೆಸರು ಬಂದ ಮೇಲೆ ನಾನು ವಾದಕ್ಕೆ ವಾದ ಬೆಳೆಸುವುದಿಲ್ಲ. ಆದರೆ ಬಾಗಿಲು ತೆರೆದಿದೆ ಅನ್ನುವ ಮಾತಿಗೆ ಒಂದು ಪ್ರಶ್ನೆ. ಆ ಬಾಗಿಲಲ್ಲಿ ಹೊರಗೆ ಹೋಗುವವರು ಕಡಿಮೆ, ಒಳಗೆ ಬರಲು ಸಾಲು ನಿಂತವರು ಜಾಸ್ತಿ. ಮಂತ್ರಿ ಸ್ಥಾನ ಹೆಚ್ಚಿಸುತ್ತಾ ಹೋದರೆ ಬಾಯಿ ಮುಚ್ಚಿದ ಸದಸ್ಯರ ಸಂಖ್ಯೆಯೂ ಹೆಚ್ಚುತ್ತದೆ, ಅಲ್ವಾ?

ಕಾನೂನು ವಿದ್ಯಾರ್ಥಿನಿ:
ಹೌದು, ಅದು ನಿಜವಾದ ಅಪಾಯ. ಅದಕ್ಕೇ ಮಿತಿ ಹಾಕಿದ್ದು. ನಮ್ಮಲ್ಲಿ 2003ರ 91ನೇ ತಿದ್ದುಪಡಿಯ ಪ್ರಕಾರ ಪ್ರಧಾನಿಯನ್ನೂ ಸೇರಿಸಿ ಮಂತ್ರಿಗಳು ಲೋಕಸಭೆಯ ಬಲದ 15 ಶೇಕಡಾ ದಾಟುವಂತಿಲ್ಲ. 543ಕ್ಕೆ ಲೆಕ್ಕ ಹಾಕಿದರೆ 81 ಜನ. ರಾಜ್ಯಗಳಲ್ಲೂ ವಿಧಾನಸಭೆಗೆ ಅದೇ 15. ಬ್ರಿಟನ್ನಿನಲ್ಲಿ 1975ರ ಕಾನೂನಿನಂತೆ ಕೆಳಮನೆಯಲ್ಲಿ 95ಕ್ಕಿಂತ ಹೆಚ್ಚು ಮಂತ್ರಿಗಳು ಕೂತು ಮತ ಹಾಕುವಂತಿಲ್ಲ. ಆದರೆ ಅಲ್ಲಿ ಮಂತ್ರಿಗಳ ಸಂಸದೀಯ ಸಹಾಯಕರಿಗೆ ಸಂಬಳ ಇಲ್ಲದಿದ್ದರೂ ಸರ್ಕಾರದ ವಿರುದ್ಧ ಮತ ಹಾಕುವ ಸ್ವಾತಂತ್ರ್ಯ ಇಲ್ಲ. ಮಿತಿ ಹಾಕಿದರೂ ಪಕ್ಕದಲ್ಲಿ ಸಂದಿ ಇದ್ದೇ ಇದೆ.

ಇನ್ನೊಂದು ದಾರಿಯೂ ಇದೆ. 1975ರಲ್ಲಿ ಯುರೋಪಿನ ಒಕ್ಕೂಟದಲ್ಲಿ ಉಳಿಯಬೇಕೇ ಎಂದು ಬ್ರಿಟನ್ ಜನಮತ ಕೇಳಿತು. ಸಂಪುಟದಲ್ಲಿ 16 ಜನ ಉಳಿಯೋಣ ಅಂದರು, 7 ಜನ ಬೇಡ ಅಂದರು. ಪ್ರಧಾನಿ ವಿಲ್ಸನ್ ಸಾಮೂಹಿಕ ಹೊಣೆಯನ್ನು ಆ ಒಂದು ವಿಷಯಕ್ಕೆ ತಾತ್ಕಾಲಿಕವಾಗಿ ಸಡಿಲಿಸಿದರು. ಆ 7 ಜನ ಊರೂರು ಸುತ್ತಿ ಸರ್ಕಾರದ ನಿಲುವಿನ ವಿರುದ್ಧ ಪ್ರಚಾರ ಮಾಡಿದರು, ಮಂತ್ರಿಗಳಾಗಿಯೂ ಉಳಿದರು. ಆದರೆ ಸದನದ ಒಳಗೆ ವಿರುದ್ಧ ಮಾತಾಡುವಂತಿರಲಿಲ್ಲ. ಮಾತಾಡಿದ ಕಿರಿಯ ಮಂತ್ರಿ ಹೆಫರ್ ಅವರನ್ನು ತೆಗೆದರು. 2016ರಲ್ಲೂ ಇದೇ ರೀತಿ ಮಾಡಿದರು. ಹೊರಗೆ ನಿಜ ಹೇಳಿಯೂ ಒಳಗೆ ಉಳಿಯಲು ಸಾಧ್ಯ, ಆದರೆ ಬಹಳ ಅಪರೂಪಕ್ಕೆ.

ದೂರದೇಶ:
ಸಮ್ಮಿಶ್ರ ಸರ್ಕಾರದ ಮಾತು ಬಾಕಿ ಉಳಿಯಿತು. ಬೇರೆ ಪಕ್ಷದ ಮಂತ್ರಿಯನ್ನು ಪ್ರಧಾನಿ ತನ್ನಿಷ್ಟಕ್ಕೆ ತೆಗೆಯಲು ಆಗುವುದಿಲ್ಲ, ತೆಗೆದರೆ ಸರ್ಕಾರವೇ ಹೋಗುತ್ತದೆ. ಅದಕ್ಕೇ ಜರ್ಮನಿ, ನೆದರ್ಲೆಂಡ್ಸ್ ಕಡೆ ಸರ್ಕಾರ ರಚಿಸುವ ಮೊದಲೇ ಒಪ್ಪಂದವನ್ನು ಪುಟಗಟ್ಟಲೆ ಬರೆದುಕೊಳ್ಳುತ್ತಾರೆ. ಮುಂದೆ ಬರುವ ಜಗಳವನ್ನು ಮೊದಲೇ ಆಡಿ ಮುಗಿಸುವುದು ಅಷ್ಟೇ. ಬೆಲ್ಜಿಯಂನಲ್ಲಿ 2010ರ ಜೂನ್ ಚುನಾವಣೆಯಾದ ಮೇಲೆ ಹೊಸ ಸಂಪುಟ ಬರಲು 541 ದಿನ ಹಿಡಿಯಿತು. ಅಲ್ಲಿಯ ತನಕ ಹಳೇ ಸಂಪುಟವೇ ಉಸ್ತುವಾರಿಯಾಗಿ ದಿನದ ಕೆಲಸ ನೋಡಿಕೊಂಡಿತು.

ಸಂಜೆಮಲ್ಲಿಗೆ:
ಎಲ್ಲರಿಗೂ ತುಂಬಾ ಧನ್ಯವಾದ. ಸಂಜೆ ಅವಳಿಗೆ ಎಲ್ಲವನ್ನೂ ಓದಿ ಹೇಳಿದೆ. ಮೇಷ್ಟ್ರು ಬರೆದ "ಇದಕ್ಕೆ ನಾನೂ ಜವಾಬ್ದಾರ" ಅನ್ನುವುದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ರಾಬಿನ್ ಕುಕ್ ಅವರ ಭಾಷಣ ಇಷ್ಟವಾಯಿತು. ಆದರೆ ಇನ್ನೊಂದು ಪ್ರಶ್ನೆ ಕೇಳಿದ್ದಾಳೆ. ಸಂಪುಟದಲ್ಲಿ ಹೆಚ್ಚು ಜನ ಪ್ರಧಾನಿಗೆ ವಿರುದ್ಧ ಇದ್ದರೆ ಕೈ ಎತ್ತಿಸಿ ಎಣಿಸುತ್ತಾರಾ?

ಹಳೇ ಕಡತ:
ಸಾಮಾನ್ಯವಾಗಿ ಎಣಿಸುವುದಿಲ್ಲ ಮಗೂ. ಎಲ್ಲರ ಮಾತು ಕೇಳಿ, ಸಭೆಯ ಮನಸ್ಸು ಯಾವ ಕಡೆ ಇದೆ ಅಂತ ಅಧ್ಯಕ್ಷತೆ ವಹಿಸಿದವರು ಹೇಳುತ್ತಾರೆ, ಅದೇ ತೀರ್ಮಾನ. ಬಲವಾದ ವಿರೋಧ ಬಂದರೆ "ತಿರಸ್ಕರಿಸಲಾಗಿದೆ" ಅಂತ ಬರೆಯುವುದನ್ನು ನಾನು ಕಂಡದ್ದು ಬಹಳ ಕಡಿಮೆ. ಬರುವುದು ಒಂದೇ ಪದ, "ಮುಂದೂಡಲಾಗಿದೆ". ನಾವು ಬರೆದ ಒಂದು ಟಿಪ್ಪಣಿ ಎರಡು ಸಲ ಹೀಗೆ ವಾಪಸ್ ಬಂತು. ಯಾರು ಬೇಡ ಅಂದರು ಅಂತ ಯಾರೂ ಹೇಳಲಿಲ್ಲ. ನಮ್ಮ ಸಾಹೇಬರು ಕಡತ ತೆರೆದು, ದುಡ್ಡು ಎಲ್ಲಿಂದ ಅನ್ನುವ ಕಂಡಿಕೆಯ ಮೇಲೆ ಬೆರಳಿಟ್ಟು "ಇದು" ಅಂದರು. ಅದನ್ನು ತಿದ್ದಿದೆವು. ಮೂರನೇ ಸಲ ಒಪ್ಪಿಗೆ ಆಯಿತು.

ಸಂಜೆಮಲ್ಲಿಗೆ:
ಕಂಡಿಕೆ ಅಂದರೆ ಏನು ಅಂತ ಕೇಳುತ್ತಿದ್ದಾಳೆ! ಮತ್ತೆ ಆ ಟಿಪ್ಪಣಿ ಹೇಗೆ ಮುಗಿಯುತ್ತದೆ ಅಂತಲೂ ನೋಡಬೇಕಂತೆ.

ಹಳೇ ಕಡತ:
ಕಂಡಿಕೆ ಅಂದರೆ ಪ್ಯಾರಾ, ನಮ್ಮ ಕಚೇರಿ ಮಾತು. ಕೊನೆಯ ಕಂಡಿಕೆ ಹೀಗಿರುತ್ತದೆ: "ಮೇಲಿನ ಕಂಡಿಕೆಗಳಲ್ಲಿ ವಿವರಿಸಿರುವ ಪ್ರಸ್ತಾವನೆಗೆ ಸಚಿವ ಸಂಪುಟದ ಅನುಮೋದನೆಯನ್ನು ಕೋರಿದೆ." ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಸಂಪುಟ ಒಪ್ಪುವುದು ಇದನ್ನೇ, ಅದಕ್ಕೇ ಇದರಲ್ಲಿ ಒಂದು ಪದ ಆಚೀಚೆ ಆದರೂ ಕಡತ ವಾಪಸ್ ಬರುತ್ತಿತ್ತು. ಪರೀಕ್ಷೆ ಚೆನ್ನಾಗಿ ಬರೆಯಲು ಹೇಳಿ.